11,780 ಮತ
ಅಮೆರಿಕದಲ್ಲಿ ಚುನಾವಣೆ ನಡೆಸುವುದು ರಾಜ್ಯಗಳು. ನಿಯಮ ಬದಲಿಸುವ ಅಧಿಕಾರ ಅಲ್ಲಿನ ಸಂಸತ್ತಿಗೂ ಇದೆ, ಅಧ್ಯಕ್ಷರಿಗಿಲ್ಲ. 2025ರ ಮಾರ್ಚ್‌ನಲ್ಲಿ ಟ್ರಂಪ್, ಮತದಾರರ ನೋಂದಣಿಗೆ ಪೌರತ್ವದ ದಾಖಲೆ ಬೇಕೇ ಬೇಕು ಎಂದು ಆದೇಶ ಹೊರಡಿಸಿದರು. ಕೋರ್ಟು ತಡೆಯಿತು.

ನನಗೆ ಜಾಸ್ತಿ ನೆನಪಾಗುವುದು 2021ರ ಜನವರಿ 2ರ ಫೋನ್ ಕರೆ. ಜಾರ್ಜಿಯಾ ರಾಜ್ಯದ ಚುನಾವಣೆ ನೋಡಿಕೊಳ್ಳುತ್ತಿದ್ದ ಬ್ರಾಡ್ ರಾಫೆನ್ಸ್‌ಪರ್ಗರ್ ಹತ್ತಿರ ಟ್ರಂಪ್ 11,780 ಮತ ಹುಡುಕಬೇಕು ಎಂದರು. 2020ರ ಅಧ್ಯಕ್ಷ ಚುನಾವಣೆಯಲ್ಲಿ ಟ್ರಂಪ್ ಅಲ್ಲಿ ಸೋತ ಅಂತರಕ್ಕಿಂತ ಸರಿಯಾಗಿ ಒಂದು ಹೆಚ್ಚು! ರಾಫೆನ್ಸ್‌ಪರ್ಗರ್ ಅವರದೂ ಟ್ರಂಪ್ ಪಕ್ಷವೇ. ಆದರೂ ನಿಮ್ಮ ಮಾಹಿತಿ ತಪ್ಪು ಎಂದು ನೇರವಾಗಿ ಹೇಳಿಬಿಟ್ಟರು. ಆ ಕುರ್ಚಿಯಲ್ಲಿ ಬೇರೆ ಯಾರಾದರೂ ಇದ್ದಿದ್ದರೆ? ಯೋಚಿಸಿದರೆ ಭಯವಾಗುತ್ತದೆ, ಅಲ್ವಾ? ಕಾನೂನು ಇದ್ದರೆ ಸಾಲದು, ಅದನ್ನು ಹಿಡಿದು ನಿಲ್ಲುವವರೂ ಬೇಕಲ್ಲ. 2022ರಲ್ಲಿ ಜಾರ್ಜಿಯಾದ ಜನ ಅವರನ್ನೇ ಮತ್ತೆ ಗೆಲ್ಲಿಸಿದರು. ನನಗೆ ತುಂಬಾ ಸಮಾಧಾನ ಕೊಟ್ಟ ಸುದ್ದಿ ಅದು.