ಹತ್ತು ಗಂಟೆಗೂ ಬೆಳಕು

ಎಡಿನ್‌ಬರೋದಲ್ಲಿ ನಮ್ಮ ಕ್ರಿಕೆಟ್ ಕ್ಲಬ್ ಟೂರ್‌ನ ಮೂರನೇ ದಿನ. ಬೆಂಗಳೂರಿನಲ್ಲಿ ಭಾನುವಾರ ಮ್ಯಾಟಿಂಗ್ (ಚಾಪೆ ಹಾಸಿದ ಪಿಚ್) ಮೇಲೆ ಆಡುವ ನಾವು ಎರಡು ವರ್ಷ ತಿಂಗಳಿಗಿಷ್ಟು ಅಂತ ದುಡ್ಡು ಎತ್ತಿಟ್ಟು ಬಂದಿದ್ದೇವೆ. ಬೆಳಗ್ಗೆಯಿಂದ ಜಿಟಿಜಿಟಿ ಮಳೆ. ಚೆಂಡು ಸೋಪಿನ ಹಾಗೆ ಜಾರುತ್ತಿತ್ತು, ಪ್ರತಿ ಸಲವೂ ಟವೆಲ್‌ನಲ್ಲಿ ಒರೆಸಿ, ಬೆರಳು ಮರಗಟ್ಟಿದ್ದರೂ ಎಂಟು ಓವರ್ ಹಾಕಿದೆ. ಸೋತೆವು. ಎದುರು ಟೀಮಿನವರು ಬಿಸಿ ಸೂಪ್ ತಂದುಕೊಟ್ಟು, ನಮ್ಮ ಜೊತೆಯಲ್ಲೇ ಕೂತು ಎಷ್ಟೋ ಹೊತ್ತು ಮಾತಾಡಿದರು.

ಸಂಜೆ ಗ್ರೇಂಜ್ ಮೈದಾನ ನೋಡಲು ಹೋದೆವು. 2018ರ ಜೂನ್‌ನಲ್ಲಿ ಸ್ಕಾಟ್ಲೆಂಡ್ 371 ರನ್ ಹೊಡೆದು ಇಂಗ್ಲೆಂಡನ್ನು 6 ರನ್‌ಗಳಿಂದ ಸೋಲಿಸಿದ್ದು ಇಲ್ಲೇ. ಆದರೆ ನನಗೆ ನೆನಪಾಗಿದ್ದು ದ್ರಾವಿಡ್. 2003ರಲ್ಲಿ ಅವರು ಸ್ಕಾಟ್ಲೆಂಡ್ ಟೀಮಿಗೇ ಆಡಿದ್ದರು, ಅಲ್ವಾ? ಅಷ್ಟು ದೊಡ್ಡ ಆಟಗಾರ, ಬೇರೆ ಕೆಲಸ ಮಾಡಿಕೊಂಡೇ ಕ್ರಿಕೆಟ್ ಆಡುವವರು ಜಾಸ್ತಿ ಇದ್ದ ಟೀಮಿನಲ್ಲಿ, ಇದೇ ಚಳಿಯಲ್ಲಿ ಬ್ಯಾಟ್ ಹಿಡಿದು ನಿಂತಿದ್ದರು ಅಂತ ಯೋಚಿಸಿದರೆ ಎದೆ ತುಂಬಿ ಬರುತ್ತದೆ. ಬೇಲಿ ಹಿಡಿದು ಸುಮ್ನೆ ನಿಂತುಬಿಟ್ಟೆ.

ಈಗ ಹತ್ತು ಗಂಟೆ. ಇನ್ನೂ ಬೆಳಕಿದೆ. ಕಿಟಕಿಯ ಕೆಳಗೆ ಇಬ್ಬರು ಹುಡುಗರು ಟೆನಿಸ್ ಬಾಲಿನಲ್ಲಿ ಆಡುತ್ತಲೇ ಇದ್ದಾರೆ.