ಹೇಂಟೆಯ ಭಾಷೆ ಬಲ್ಲ ಬೀಗರು

ಏಪ್ರಿಲ್ 26, 2025, ಶನಿವಾರ
ಓಝಾರ್ಕ್ ಗುಡ್ಡಗಳು, ಮಿಸ್ಸೌರಿ, ಅಮೆರಿಕ

ಕಾಡು ಟರ್ಕಿ ಕೋಳಿಯ ಶಿಕಾರಿಗೆಂದು ಬೆಳಗಿನ ಜಾವ ಮೂರೂವರೆಗೇ ಬೀಗರು ಕದ ತಟ್ಟಿದರು. ಹನ್ನೆರಡರ ಮೊಮ್ಮಗಳು ಆಗಲೇ ಎಲೆಗಳ ಚಿತ್ತಾರದ ಅಂಗಿ ತೊಟ್ಟು ತಯಾರಾಗಿದ್ದಳು. ನನ್ನ ಬಿಳಿ ಮಫ್ಲರ್ ಕಂಡದ್ದೇ "ಅಜ್ಜ, ಅದನ್ನು ತೆಗೆದಿಡಿ" ಎಂದಳು. ಟರ್ಕಿ ಹುಂಜದ ತಲೆ ಕೆಂಪು, ಬಿಳಿ, ನೀಲಿ. ಆ ಬಣ್ಣಗಳು ಮೈಮೇಲಿದ್ದರೆ ಇನ್ನೊಬ್ಬ ಶಿಕಾರಿಯವನ ಕಣ್ಣಿಗೆ ನಾವೇ ಹುಂಜವಾಗಿಬಿಡುತ್ತೇವಂತೆ. ಮಫ್ಲರ್ ಮನೆಯಲ್ಲೇ ಉಳಿಯಿತು.

ಪರವಾನಗಿ ಇಲ್ಲದ ನನಗೆ ಕೋವಿಯೂ ಇಲ್ಲ. ಸುಮ್ಮನೆ ಕೂರುವುದಷ್ಟೇ ಕೆಲಸ. ದಾರಿಯಲ್ಲಿ ಬೀಗರು ಹಳೆಯ ಕಥೆ ಹೇಳಿದರು. ಹಕ್ಕಿಗಳು ಹೆಚ್ಚು ಉಳಿಯದೆ 1937ರಲ್ಲಿ ಈ ರಾಜ್ಯ ಟರ್ಕಿ ಬೇಟೆಯನ್ನು ನಿಲ್ಲಿಸಿತ್ತು. ಆಮೇಲೆ ಅಲ್ಲಲ್ಲಿ ಉಳಿದಿದ್ದ ಹಕ್ಕಿಗಳನ್ನು ಹಿಡಿದು ತಂದು ಬೇರೆ ಕಡೆ ಬಿಟ್ಟು ಬೆಳೆಸಿದರು. 1960ರಲ್ಲಿ ಮತ್ತೆ ಅನುಮತಿ ಸಿಕ್ಕಾಗ ಇಡೀ ರಾಜ್ಯದಲ್ಲಿ ಬಿದ್ದದ್ದು 94 ಹಕ್ಕಿ. ಈಗಲೂ ವಸಂತದಲ್ಲಿ ಹುಂಜವನ್ನು ಇಲ್ಲವೇ ಗಡ್ಡ ಕಾಣುವ ಹಕ್ಕಿಯನ್ನು ಮಾತ್ರ ಹೊಡೆಯಬಹುದು. ಗಡ್ಡವೆಂದರೆ ಎದೆಯಿಂದ ಜೋಲುವ ಕೂದಲಿನಂಥ ಕುಚ್ಚು.

ದಪ್ಪನೆಯ ಓಕ್ ಮರಕ್ಕೆ ಬೆನ್ನು ಕೊಟ್ಟು ಕೂತೆವು. ಬೀಗರು ಗೂಬೆಯಂತೆ ಕೂಗಿದರು. ಎಲ್ಲೋ ಮರದ ಮೇಲೆ ಮಲಗಿದ್ದ ಹುಂಜ ತಡೆಯಲಾರದೆ ಗುಡುಗುಡು ಎಂದು ಉತ್ತರ ಕೊಟ್ಟಿತು. ಬೆಳಕು ಹರಿದ ಮೇಲೆ ಅವರು ಅಂಗೈಯಗಲದ ಮರದ ಪೆಟ್ಟಿಗೆಯೊಂದನ್ನು ತೆಗೆದು, ಮುಚ್ಚಳದ ಅಡಿಗೆ ಸೀಮೆಸುಣ್ಣ ಸವರಿ, ಮೆಲ್ಲಗೆ ಉಜ್ಜಿದರು. ಸಾಕ್ಷಾತ್ ಹೇಂಟೆಯ ದನಿ!

ನಾನು ಸೊರಬದ ಕಡೆಯವನು. 1972ರ ವನ್ಯಜೀವಿ ಕಾಯಿದೆ ಬರುವ ಮುಂಚೆ ನಮ್ಮೂರವರು ನಾಯಿ ಬಿಟ್ಟು, ಬೊಬ್ಬೆ ಹೊಡೆದು ಪ್ರಾಣಿಯನ್ನು ಓಡಿಸುತ್ತಿದ್ದರು. ಇಲ್ಲಿ ಕರೆಯಬೇಕು. ಅದೂ ಉಲ್ಟಾ: ಹುಂಜ ಕೂಗಿದರೆ ಹೇಂಟೆ ಹುಡುಕಿಕೊಂಡು ಹೋಗುವುದು ವಾಡಿಕೆ. ನಾವು ಕೂತಲ್ಲೇ ಕೂತು ಅವನನ್ನೇ ಬಾ ಎನ್ನುತ್ತಿದ್ದೆವು. ಅವನು ಬಿಗುಮಾನ ಬಿಡದೆ ಒಂದೂವರೆ ಗಂಟೆ ಸತಾಯಿಸಿದ.

ಕೊನೆಗೆ ಬಂದ. ಬಾಲವನ್ನು ಬೀಸಣಿಗೆಯಂತೆ ಬಿಚ್ಚಿ, ರೆಕ್ಕೆಯ ತುದಿಯಿಂದ ತರಗೆಲೆ ಗೀರುತ್ತಾ, ಬಿಸಿಲು ಬಿದ್ದಲ್ಲೆಲ್ಲ ತಾಮ್ರದಂತೆ ಹೊಳೆಯುತ್ತಾ ಬಂದ. ಮೊಣಕಾಲ ಮೇಲಿಟ್ಟುಕೊಂಡಿದ್ದ ಕೋವಿಯ ಹಿಂದೆ ಮೊಮ್ಮಗಳ ಉಸಿರು ಕೇಳಿಸುತ್ತಿತ್ತು. ಇನ್ನು ಹತ್ತು ಹೆಜ್ಜೆ ಬಂದಿದ್ದರೆ ಸಾಕಿತ್ತು.

ಆಗ ನನ್ನ ಕುತ್ತಿಗೆಯ ಮೇಲೆ ಏನೋ ಹರಿಯಿತು. ಉಣ್ಣಿ! ಉಣ್ಣಿಯಿಂದ ಹರಡುವ ಮಂಗನ ಕಾಯಿಲೆಗೆ ಹೆಸರು ಕೊಟ್ಟ ಕ್ಯಾಸನೂರಿನ ಕಾಡು ನಮ್ಮ ತಾಲ್ಲೂಕಿನದೇ. ಉಣ್ಣಿ ಎಂದರೆ ನಮಗೆ ಹುಲಿಗಿಂತ ಭಯ. ಈ ದೇಶದಲ್ಲಿ ಆ ಕಾಯಿಲೆ ಇಲ್ಲವೆಂದು ಕೈಗೆ ಗೊತ್ತಾಗಬೇಕಲ್ಲ? ಚಟೀರೆಂದು ಹೊಡೆದುಕೊಂಡೆ.

"ಪಟ್" ಎಂದಿತು ಹುಂಜ, ಒಂದೇ ಸಲ. ಬೀಸಣಿಗೆ ಮಡಚಿ ಓಡಿದ ರಭಸ ನೋಡಬೇಕಿತ್ತು.

ಬೀಗರು ಏನೂ ಹೇಳಲಿಲ್ಲ. ಪೆಟ್ಟಿಗೆ ಜೇಬಿಗಿಳಿಸಿ, ಚಿಮುಟ ತೆಗೆದು, ನನ್ನ ಕುತ್ತಿಗೆಯಿಂದ ಇನ್ನೊಂದು ಉಣ್ಣಿ ಕಿತ್ತರು. ಹಿಂದಿರುಗುವಾಗ ಎಲ್ಮ್ ಮರದ ಬುಡದಲ್ಲಿ ಜೇನುಗೂಡಿನಂಥ ಮೊರೆಲ್ ಅಣಬೆಗಳು ಸಿಕ್ಕವು. ಮಧ್ಯಾಹ್ನ ನನ್ನವಳು ಕೊಬ್ಬರಿ ಅರೆದು ಸಾರು ಮಾಡಿದಳು. ಬೀಗರು ಮೂರು ಸಲ ಬಡಿಸಿಕೊಂಡರು.

ನಾಳೆ ಮತ್ತೆ ಮೂರೂವರೆಗೆ. ಅಜ್ಜ ಟ್ರಕ್ಕಿನಲ್ಲೇ ಕೂರಬೇಕೆಂದು ಮೊಮ್ಮಗಳ ಅಪ್ಪಣೆಯಾಗಿದೆ.