ಸಿಗಾರ್ ಸುತ್ತುವ ಕೆಲಸ: ಏಳನೇ ತಿಂಗಳ ಟಿಪ್ಪಣಿ

ಕಳೆದ ವಾರ ಸುತ್ತಿದ ಹನ್ನೆರಡು ಸಿಗಾರ್‌ಗಳಲ್ಲಿ ಒಂಬತ್ತರೊಳಗೆ ಗಾಳಿ ಸಲೀಸಾಗಿ ಆಡುತ್ತಿದೆ. ಫೆಬ್ರವರಿಯಲ್ಲಿ ಬಸವನಗುಡಿಯ ನಮ್ಮ ಮನೆಯ ಹಿಂಬದಿಯ ಕೋಣೆಯಲ್ಲಿ ಈ ಕೆಲಸ ಆರಂಭಿಸಿದಾಗ ಮೊದಲ ಇಪ್ಪತ್ತರಲ್ಲಿ ಒಂದೂ ಕೊನೆಯವರೆಗೆ ಉರಿದಿರಲಿಲ್ಲ. ಆದ್ದರಿಂದ ಈ ತಿಂಗಳ ಟಿಪ್ಪಣಿಯನ್ನು ಸಂತೋಷದಿಂದಲೇ ಬರೆಯುತ್ತಿದ್ದೇನೆ.

ಎಲೆಯ ವಿಷಯದಲ್ಲಿ ಮೊದಲು ದಾರಿ ತಪ್ಪಿದ್ದೆ. ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಅಷ್ಟೊಂದು ತಂಬಾಕು ಬೆಳೆಯುವಾಗ ಬೇರೆಡೆ ಹುಡುಕುವುದೇಕೆ ಎಂದುಕೊಂಡು ಅಲ್ಲಿಂದಲೇ ಒಂದಿಷ್ಟು ತರಿಸಿದ್ದೆ. ಅದು ಬ್ಯಾರನ್ ಎನ್ನುವ ಒಣಗಿಸುವ ಕೋಣೆಯ ಬಿಸಿಯಲ್ಲಿ ಕೆಲವೇ ದಿನಗಳಲ್ಲಿ ಹದಗೊಳ್ಳುವ, ಸಕ್ಕರೆಯ ಅಂಶ ಉಳಿಸಿಕೊಳ್ಳುವ ಸಿಗರೇಟಿನ ಎಲೆ. ಸಿಗಾರ್ ಎಲೆಯಾದರೋ ವಾರಗಟ್ಟಲೆ ನೆರಳಿನಲ್ಲಿ ತೂಗಾಡಿ ನಿಧಾನವಾಗಿ ಒಣಗಬೇಕು. ಆ ಅವಧಿಯಲ್ಲಿ ಸಕ್ಕರೆ ಬಹುಪಾಲು ಕರಗಿಹೋಗುತ್ತದೆ. ಆಮೇಲೆ ರಾಶಿ ಹಾಕಿದಾಗ ಎಲೆ ತನ್ನಷ್ಟಕ್ಕೆ ಬಿಸಿಯಾಗಿ, ಅಮೋನಿಯಾ ಹೊರಹೋಗಿ, ಖಾರವೆಲ್ಲ ತಗ್ಗುತ್ತದೆ. ಈಗ ದಿಂಡಿಗಲ್ ಕಡೆಯ ಚುಟ್ಟಾ ಎಲೆಯನ್ನು ಒಳಕ್ಕೂ, ಸ್ನೇಹಿತರೊಬ್ಬರು ತಂದುಕೊಟ್ಟ ಸುಮಾತ್ರಾ ಎಲೆಯನ್ನು ಹೊರಕ್ಕೂ ಬಳಸುತ್ತಿದ್ದೇನೆ.

ಸಿಗಾರ್‌ಗೆ ಮೂರು ಪದರ. ನನ್ನ ಪುಸ್ತಕದಲ್ಲಿ ಅವನ್ನು ಹೂರಣ, ಕಟ್ಟೆಲೆ, ಹೊದಿಕೆ ಎಂದು ಗುರುತಿಸಿಕೊಂಡಿದ್ದೇನೆ. ಹೋಳಿಗೆ ಮಾಡುವ ಮನೆಯಲ್ಲಿ ಬೆಳೆದವನಿಗೆ ಇದಕ್ಕಿಂತ ಸ್ಪಷ್ಟವಾದ ಹೆಸರುಗಳು ಬೇಕಿರಲಿಲ್ಲ. ಗಿಡದ ಬುಡದ ಎಲೆ ಚೆನ್ನಾಗಿ ಉರಿಯುತ್ತದೆ, ನಡುವಿನದು ಪರಿಮಳ ಕೊಡುತ್ತದೆ, ತುದಿಯ ದಪ್ಪ ಎಲೆ ಗಡುಸಾಗಿದ್ದು ನಿಧಾನವಾಗಿ ಉರಿಯುತ್ತದೆ. ಕ್ಯೂಬಾದ ಕಸುಬುದಾರರು ಇವನ್ನು ವೊಲಾಡೊ, ಸೆಕೊ, ಲಿಖೇರೊ ಎನ್ನುತ್ತಾರೆ. ಲಿಖೇರೊ ಯಾವಾಗಲೂ ಹೂರಣದ ನಟ್ಟನಡುವೆ ಇರಬೇಕು. ಅಂಚಿಗೆ ಸರಿದರೆ ಒಂದು ಮಗ್ಗುಲು ಹಿಂದುಳಿದು ಬೆಂಕಿ ಓರೆಯಾಗುತ್ತದೆ.

ಮೊದಲ ಇಪ್ಪತ್ತೂ ಕೆಟ್ಟದ್ದು ಹೂರಣದಲ್ಲಿಯೇ. ಒಂದನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ನೋಡಿದಾಗ, ತಲೆಯಿಂದ, ಎಂದರೆ ಬಾಯಿಗಿಡುವ ತುದಿಯಿಂದ, ಒಂದೂವರೆ ಇಂಚು ಕೆಳಗೆ ಎಲೆಯೊಂದು ಅಡ್ಡಲಾಗಿ ಮಡಚಿಕೊಂಡು, ಒದ್ದೆ ಬಟ್ಟೆಯ ಗಂಟಿನಂತೆ ಕುಳಿತಿತ್ತು. ಎಲೆಗಳನ್ನು ಒಟ್ಟಿಗೆ ಹಿಡಿದು ಮಡಚುವುದನ್ನು ಅಂದೇ ಬಿಟ್ಟೆ. ಈಗ ಒಂದೊಂದು ಎಲೆಯನ್ನೂ ಪ್ರತ್ಯೇಕವಾಗಿ ಸಣ್ಣ ಕೊಳವೆಯಂತೆ ಸುರುಳಿ ಮಾಡಿ, ಆ ಸುರುಳಿಗಳನ್ನು ಅಂಗೈಯಲ್ಲಿ ಪಕ್ಕಪಕ್ಕ ಜೋಡಿಸಿಕೊಂಡು ಕಟ್ಟೆಲೆಯಲ್ಲಿ ಸುತ್ತುತ್ತೇನೆ. ಎಂತುಬಾದೊ ಎಂದು ಕರೆಯುವ ಈ ಹಳೆಯ ಕ್ರಮದಲ್ಲಿ ಪ್ರತಿ ಸುರುಳಿಯ ಒಳಗೂ ಗಾಳಿಗೆ ತಲೆಯಿಂದ ಬುಡದವರೆಗೆ ಒಂದು ಓಣಿ ಉಳಿಯುತ್ತದೆ. ಸಮಯ ದುಪ್ಪಟ್ಟು ಹಿಡಿಯುತ್ತದೆ, ಆದರೆ ನನಗೆ ಅವಸರವಿಲ್ಲ. ಐದು ಇಂಚು ಉದ್ದ, 50 ರಿಂಗ್ ಗೇಜ್, ಎಂದರೆ ಇಂಚಿನ 64ರಲ್ಲಿ 50 ಭಾಗ ದಪ್ಪದ ರೊಬುಸ್ಟೊ ಅಳತೆಗೆ ಮೊದಲು 15 ಗ್ರಾಂ ಹೂರಣ ತುರುಕುತ್ತಿದ್ದೆ. ಈಗ 11 ಗ್ರಾಂಗೆ ಇಳಿಸಿದ್ದೇನೆ. ಮರದ ಅಚ್ಚಿನಲ್ಲಿ ಅರ್ಧ ಗಂಟೆ ಒತ್ತಿ, ಕಾಲು ಸುತ್ತು ತಿರುಗಿಸಿ, ಮತ್ತೆ ಅರ್ಧ ಗಂಟೆ ಇಟ್ಟರೆ ಅಂಚಿನ ಗೆರೆ ಏಳುವುದಿಲ್ಲ. ಹೊದಿಕೆ ಹಾಕುವ ಮೊದಲೇ ಬಾಯಿಗಿಟ್ಟು ಗಾಳಿ ಎಳೆದು ನೋಡುತ್ತೇನೆ, ಬಿಗಿಯಾಗಿದ್ದರೆ ಬಿಚ್ಚಿ ಮತ್ತೆ ಕಟ್ಟುತ್ತೇನೆ.

ನನಗೆ ಅತಿ ಪ್ರಿಯವಾದ ಹಂತ ಹೊದಿಕೆಯದು. ನಡುನರವನ್ನು ಎಳೆದು ತೆಗೆದರೆ ಎಲೆ ಎಡ ಬಲ ಎಂದು ಎರಡು ಹೋಳಾಗುತ್ತದೆ. ಎಡ ಹೋಳನ್ನು ಸುತ್ತುವ ದಿಕ್ಕಿಗೆ ಬಲ ಹೋಳನ್ನು ಸುತ್ತುವಂತಿಲ್ಲ. ಸುತ್ತಿದರೆ ಉದ್ದಕ್ಕೆ ಹರಿಯಬೇಕಾದ ನರಗಳು ಅಡ್ಡ ಬಂದು ಹೊರಮೈ ಉಬ್ಬುತ್ತದೆ. ಹಲಗೆಯ ಮೇಲೆ ನರದ ಮುಖ ಮೇಲಾಗುವಂತೆ ಎಲೆ ಹಾಸಿ, ಅಂಗೈಯಿಂದ ಸವರಿ, ಕೆ.ಆರ್. ಮಾರುಕಟ್ಟೆಯ ಬಳಿಯ ಕಮ್ಮಾರರೊಬ್ಬರು ಹಳೆಯ ಗರಗಸದ ಉಕ್ಕಿನಿಂದ ಮಾಡಿಕೊಟ್ಟ ಹಿಡಿಯಿಲ್ಲದ ಚವೇಟಾ ಕತ್ತಿಯನ್ನು ಅದರ ಅಂಚಿನಲ್ಲಿ ಹೊರಳಿಸುತ್ತೇನೆ. ಕತ್ತಿಯನ್ನು ಎಳೆದರೆ ಎಲೆ ಹರಿಯುತ್ತದೆ, ಹೊರಳಿಸಿದರೆ ಮಾತ್ರ ಕತ್ತರಿಸುತ್ತದೆ. ಆಮೇಲೆ ಬುಡದಿಂದ ತಲೆಯ ಕಡೆಗೆ, ಎಡಗೈ ಎಲೆಯನ್ನು ಹಿಗ್ಗಿಸುತ್ತಾ, ಬಲಗೈ ಸಿಗಾರ್ ಉರುಳಿಸುತ್ತಾ ಸಾಗಬೇಕು. ತಲೆಗೆ ಹಚ್ಚುವ ಅಂಟಿಗಾಗಿ ಗ್ರಂಥಿಗೆ ಅಂಗಡಿಯ ಗೋಂದ್ ಕತೀರಾವನ್ನು ರಾತ್ರಿ ನೆನೆಸಿಡುತ್ತೇನೆ. ರುಚಿಯೂ ಇಲ್ಲ, ವಾಸನೆಯೂ ಇಲ್ಲ.

ಬೆಂಗಳೂರಿನ ಹವೆಯನ್ನು ಈ ಕೆಲಸದಿಂದಾಗಿ ಹೊಸದಾಗಿ ಅರಿತೆ. ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಫ್ಯಾನ್ ಹಾಕಿಕೊಂಡು ಕುಳಿತು, ಆರು ಹೊದಿಕೆ ಎಲೆಗಳು ಒಂದರ ಹಿಂದೊಂದು ಹಪ್ಪಳದಂತೆ ಮುರಿದದ್ದನ್ನು ನೋಡಿ ಕಣ್ಣು ತುಂಬಿ ಬಂದಿತ್ತು. ಅಲ್ಲಿಂದೀಚೆಗೆ ಬೇಸಿಗೆಯಲ್ಲಿ ಬೆಳಗಿನ ಆರರಿಂದ ಎಂಟರವರೆಗೆ ಮಾತ್ರ, ಹಿಂದಿನ ರಾತ್ರಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಎಲೆಯಿಂದ ಕೆಲಸ ಮಾಡಿದೆ. ಮಳೆಗಾಲದಲ್ಲಿ ಸಮಸ್ಯೆ ತಿರುಗುಮುರುಗಾಯಿತು: ಜುಲೈಯಲ್ಲಿ ನಾಲ್ಕು ಸಿಗಾರ್‌ಗಳ ಬುಡಕ್ಕೆ ಬೂಸ್ಟು ಹಿಡಿಯಿತು. ಸಿಗಾರ್ ಇಡುವ ಪೆಟ್ಟಿಗೆಯ ತೇವಮಾಪಕ 66 ತೋರಿಸುತ್ತಿತ್ತಲ್ಲ ಎಂದು ಅನುಮಾನಗೊಂಡು, ಉಪ್ಪಿಗೆ ನೀರು ಚಿಮುಕಿಸಿ ಕೆಸರಿನಂತೆ ಮಾಡಿ, ಮುಚ್ಚಿದ ಡಬ್ಬಿಯಲ್ಲಿ ಮಾಪಕದೊಂದಿಗೆ ಒಂದು ದಿನ ಇಟ್ಟೆ. ಅಂಥ ಡಬ್ಬಿಯೊಳಗೆ ತೇವಾಂಶ ಶೇಕಡಾ 75ಕ್ಕೆ ನಿಲ್ಲುತ್ತದೆ. ನನ್ನ ಮಾಪಕ 67 ಎನ್ನುತ್ತಿತ್ತು. ಆ ಎಂಟನ್ನು ಕೂಡಿಸಿ ಓದಿಕೊಂಡು ಪೆಟ್ಟಿಗೆಯನ್ನು 65ಕ್ಕೆ ತಂದ ಮೇಲೆ ಬೂಸ್ಟು ಕಂಡಿಲ್ಲ.

ತಂಬಾಕಿನ ಹಾನಿ ನನಗೆ ಗೊತ್ತಿದೆ. ಪರೀಕ್ಷೆಗೆಂದು ತಿಂಗಳಿಗೆ ಎರಡನ್ನು ಮಾತ್ರ, ಅದೂ ತಾರಸಿಯಲ್ಲಿ ಒಬ್ಬನೇ ಕುಳಿತು ಸೇದುತ್ತೇನೆ. ಹವಾನಾದಲ್ಲಿ 1865ರಿಂದ ಸುತ್ತುವವರ ಮುಂದೆ ಕುಳಿತು ಪತ್ರಿಕೆ, ಕಾದಂಬರಿಗಳನ್ನು ಗಟ್ಟಿಯಾಗಿ ಓದುವ ಪದ್ಧತಿಯಿದೆ ಎಂದು ತಂದೆಯವರಿಗೆ ಹೇಳಿದ್ದೆ. ಈಗ ಅವರೇ ಬೆಳಗಿನ ಪತ್ರಿಕೆ ಹಿಡಿದು ಬಾಗಿಲ ಬಳಿ ಕುಳಿತು, ಸಂಪಾದಕೀಯದಿಂದ ಹಿಡಿದು ಅಡಿಕೆ ಧಾರಣೆಯವರೆಗೆ ನನಗೆ ಓದಿ ಹೇಳುತ್ತಾರೆ.

ಉಳಿದಿರುವುದು ತಲೆಯನ್ನು ಮುಚ್ಚುವ ಎಲೆಯ ಟೋಪಿ. ಮೂರು ಸುತ್ತಿನ ಟೋಪಿಯಲ್ಲಿ ಮೂರನೆಯ ಬಿಲ್ಲೆ ಇನ್ನೂ ಸುಕ್ಕಾಗುತ್ತಿದೆ. ಎಲೆಯ ತೆಳು ಭಾಗದಿಂದ ಕತ್ತರಿಸಿ ನೋಡಬೇಕು. ಹನ್ನೆರಡರಲ್ಲಿ ಬಿಗಿಯಾದ ಮೂರನ್ನು ಬಿಚ್ಚಿದ್ದೇನೆ. ಒಂಬತ್ತಕ್ಕೂ ತಾರೀಖಿನ ಚೀಟಿ ಕಟ್ಟಿ ಪೆಟ್ಟಿಗೆಯ ಕೆಳಗಿನ ಅಂತಸ್ತಿನಲ್ಲಿ ಇಟ್ಟಿದ್ದೇನೆ. ದೀಪಾವಳಿ ಕಳೆಯುವವರೆಗೆ ಅವನ್ನು ಮುಟ್ಟುವುದಿಲ್ಲ.